ಪ್ರಾರ್ಥನೆಯ ಹೊತ್ತಿನ ಗಂಟೆ

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ದ್ವೀಪದ ಕಡಲಂಚಿನ ಸಾಲೆಫಾತು ಊರಿನ ಯಜಮಾನ ಲೆಸಾ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ‘ಸಾ’ ಹೊತ್ತಿನಲ್ಲಿ, ಅಂದರೆ ಊರೆಲ್ಲ ತಂತಮ್ಮ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡುವಾಗ, ಯಾರೋ ಚರ್ಚಿನ ಗಂಟೆಯನ್ನು ಬಿಡದೆ ಬಾರಿಸಿದ್ದರು. ಬಿಡದೆ ಬಾರಿಸಿದರೆ ಸುನಾಮಿ ಬಂತೆಂದೇ ಅರ್ಥ. ಊರಿಗೆ ಊರೇ ಗುಡ್ಡಕ್ಕೆ ಓಡಿತು. ಸಮುದ್ರ ಇದ್ದಲ್ಲೇ ಇತ್ತು. ಆದರೆ ಗುಡ್ಡದ ಹಾದಿಯಲ್ಲಿ ಪೆಪೆ ಎಂಬ ಎಪ್ಪತ್ತು ದಾಟಿದ ಹೆಂಗಸು ಕುಸಿದು ಸತ್ತಿದ್ದಳು.

ಇನ್‌ಸ್ಪೆಕ್ಟರ್ ಮಾಸಿನಾ ಬರೆದುಕೊಳ್ಳುತ್ತಿದ್ದಳು. ಅಪರಾಧಿಯನ್ನು ಹುಡುಕುವ ಶ್ರಮ ನಿಮಗೆ ಬೇಡ, ಅದೂ ಆಗಿದೆ ಎಂದರು ಲೆಸಾ.

“ಯಾರು?”

“ಲೂಪೆಯ ಮಗ ವಿಲಿ. ಹೋದ ತಿಂಗಳು ಕುಡಿದು ಸಿಕ್ಕಿಬಿದ್ದ. ಹಿರಿಯರ ಸಭೆಗೆ ಹಂದಿ ದಂಡ ಕೊಟ್ಟ. ಆ ಸಿಟ್ಟು ಹಿಂಗೆ ತೀರಿಸ್ಕೊಂಡಿದಾನೆ.”

“ಬಾರಿಸಿದ್ದನ್ನ ಕಂಡವರು?”

ಕಂಡವರು ಯಾರೂ ಇರಲಿಲ್ಲ. ಲೆಸಾರ ತರ್ಕ ಬೇರೆಯೇ ಇತ್ತು. ಸಾ ಹೊತ್ತಿನಲ್ಲಿ ಊರ ಯುವಕರು ರಸ್ತೆಯುದ್ದಕ್ಕೂ ಕಾವಲು ನಿಲ್ಲುತ್ತಾರೆ. ನಡೆಯುವವರನ್ನು ಕೂರಿಸುತ್ತಾರೆ, ಕಾರುಗಳನ್ನು ತಡೆಯುತ್ತಾರೆ. ನಿನ್ನೆ ಯಾರೂ ರಸ್ತೆ ದಾಟಿರಲಿಲ್ಲ. ರಸ್ತೆ ದಾಟದೆ ಗಂಟೆಯ ಹತ್ತಿರ ಹೋಗಲು ಸಾಧ್ಯವಿದ್ದ, ಗಂಡಸರಿದ್ದ ಮನೆಗಳು ಚರ್ಚಿನ ಹಿಂದಿನ ಮೂರೇ: ಪಾದ್ರಿಗಳದು, ಫಿಲೀಪೊ ಮೇಷ್ಟ್ರದು, ಲೂಪೆಯದು.

“ಪಾದ್ರಿಗಳ ಮೇಲೆ ಅನುಮಾನ ಪಡೋದಾ? ಮೇಷ್ಟ್ರ ಮೇಲಾ? ಉಳಿದೋರು ಯಾರು, ನೀವೇ ಹೇಳಿ.”

ಹಿರಿಯರ ಸಭೆ ರಾತ್ರಿಯೇ ಸೇರಿ ತೀರ್ಮಾನ ಕೊಟ್ಟಿತ್ತು. ಶನಿವಾರ ಸಂಜೆಯೊಳಗೆ ಲೂಪೆಯ ಮನೆಯವರು ಊರು ಬಿಡಬೇಕು, ಮನೆ ಕೆಡವಲಾಗುವುದು. ಎಲ್ಲ ಮುಗಿಸಿಕೊಂಡ ಮೇಲೆ ಠಾಣೆಗೆ ಯಾಕೆ ಬಂದಿರಿ ಎಂದು ಮಾಸಿನಾ ಕೇಳಿದಳು. ಸಾವಾಗಿದೆಯಲ್ಲ, ಒಂದು ಕಾಗದ ಬೇಕು ಎಂದರು ಯಜಮಾನರು.

ಮಾಸಿನಾಗೆ ಮೈಯೆಲ್ಲ ಉರಿಯಿತು. ಕಳ್ಳನನ್ನು ಹಿಡಿಯುವ ಮೊದಲೇ ಶೂಲ ನೆಟ್ಟು ಕಾಯುವ ಜನ ಎಂದುಕೊಂಡಳು. ಆದರೂ ಯಜಮಾನರೆದುರು ದನಿ ಏರಿಸದೆ, ಪ್ರಥಮ ವರ್ತಮಾನ ವರದಿಯಲ್ಲಿ ಆರೋಪಿಯ ಹೆಸರಿನ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಬರೆದಳು. ಲೆಸಾ ಅದನ್ನು ಓದಿ ಮುಖ ಗಂಟಿಕ್ಕಿಕೊಂಡು ಹೋದರು.

ಕಾನ್‌ಸ್ಟೇಬಲ್ ರೋಪಾಟಿಯ ಜೊತೆ ಅವಳು ಊರು ಮುಟ್ಟಿದಾಗ ಹತ್ತೂವರೆ. ಗಂಟೆ ಎಂದರೆ ದೀವಿಹಲಸಿನ ಕೊಂಬೆಗೆ ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರ್, ಬಾರಿಸಲು ಒಂದು ಕಬ್ಬಿಣದ ಸಲಾಕೆ. ಊರವರು ಅಷ್ಟೂ ಜನ ಅದನ್ನು ಮುಟ್ಟಿ ನೋಡಿಯಾಗಿತ್ತು, ಬೆರಳಚ್ಚಿನ ಆಸೆ ಬಿಡಬೇಕಾಯಿತು. ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಗುಡ್ಡದ ಹಾದಿಯ ಮಹಜರಿಗೆ ಹೊರಟರು.

ಚರ್ಚಿನ ಹಿಂದಿನಿಂದಲೇ ಹಾದಿ ಏರುತ್ತದೆ. ಏರುವಾಗ ದಾಸವಾಳದ ಕಾಂಡಕ್ಕೆ ಕಟ್ಟಿದ ಬಿಳಿ ಬಟ್ಟೆಯ ಚೂರೊಂದು ಮಾಸಿನಾಳ ಕಣ್ಣಿಗೆ ಬಿತ್ತು. ಮೇಲೆ ಹೋದರೆ ಇನ್ನೊಂದು, ಅದರಾಚೆ ಮತ್ತೊಂದು.

“ಮಕ್ಕಳಾಟ ಇರ್ಬೇಕು ಮೇಡಂ,” ಎಂದ ರೋಪಾಟಿ.

“ಎಲ್ಲಾ ಒಂದೇ ಅಂತರದಲ್ಲಿದೆ, ಗಂಟೂ ಒಂದೇ ಥರ. ನಿಮ್ಮನೆ ಮಕ್ಕಳು ಇಷ್ಟು ಶಿಸ್ತಾಗಿ ಆಡ್ತಾವಾ?”

ರೋಪಾಟಿಗೆ ನಾಲ್ಕು ಮಕ್ಕಳು. ಅವನು ಟೇಪು ಹಿಡಿದು ಅಳೆಯತೊಡಗಿದ. ಪೆಪೆ ಬಿದ್ದಿದ್ದ ಎರಡನೇ ತಿರುವಿನಲ್ಲಿ ಒಂದು ತೆಂಗಿನ ಮರಕ್ಕೆ, ಎದೆಮಟ್ಟದಲ್ಲಿ, ಮೀನು ಹಿಡಿಯುವ ನೈಲಾನ್ ದಾರದ ಕುಣಿಕೆ ಇತ್ತು. ಅಲ್ಲಿ ಏನನ್ನೋ ಕೆಳಗಿನ ಹಾದಿಗೆ ಮುಖ ಮಾಡಿ ಕಟ್ಟಿ, ಬಿಚ್ಚಿಕೊಂಡು ಹೋಗಿದ್ದರು. ಎಲ್ಲವನ್ನೂ ಬರೆದು ಸಾಕ್ಷಿಗಳ ಸಹಿ ಹಾಕಿಸಿದಳು. ಅರ್ಥ ಮಾತ್ರ ಆಗಲಿಲ್ಲ.

ಲೂಪೆಯ ಮನೆಯಲ್ಲಿ ಚಾಪೆಗಳನ್ನು ಸುತ್ತಿಡುತ್ತಿದ್ದರು. ಇಪ್ಪತ್ತೆರಡರ ವಿಲಿ ಕಂಬಕ್ಕೆ ಒರಗಿ ಕೂತಿದ್ದ. ಗಂಟೆ ಬಾರಿಸಿದಾಗ ಮನೆಯಲ್ಲೇ ಹಾಡುತ್ತಿದ್ದೆ ಎಂದ. ತಾಯಿ, ತಂಗಿ ಬಿಟ್ಟರೆ ಸಾಕ್ಷಿ ಇಲ್ಲ. ಲೂಪೆ ಕೈಕೆಲಸ ನಿಲ್ಲಿಸದೆಯೇ ಮಾತಾಡಿದಳು.

“ಇವನು ಕುಡೀತಾನೆ, ಇಲ್ಲ ಅನ್ನಲ್ಲ. ಅದಕ್ಕೆ ನಾನೇ ಹೊಡೆದಿದೀನಿ. ಆದ್ರೆ ಸಾ ಹೊತ್ತಲ್ಲಿ ನನ್ನ ಪಕ್ಕ ಕೂತಿದ್ದ ಮಗನ್ನ ಅಲ್ಲಿದ್ದ ಅಂದ್ರೆ ನಾನು ಹೆಂಗೆ ಒಪ್ಪಲಿ?”

ನಾಳೆ ಎಲ್ಲಿಗೆ ಹೋಗುತ್ತೀರಿ ಎಂದು ಮಾಸಿನಾ ಕೇಳಿದಳು. ಗೊತ್ತಿಲ್ಲ ಎಂದಳು ಲೂಪೆ. ಗಂಡನ ಗೋರಿ ಇದ್ದದ್ದು ಅಂಗಳದಲ್ಲೇ. ಅದನ್ನು ಹೊತ್ತುಕೊಂಡು ಹೋಗುವಂತಿರಲಿಲ್ಲ.

ಗಂಟೆಯ ಮರದ ಕೆಳಗೆ ಕೂತು ಮಾಸಿನಾ ತಲೆ ಕೆರೆದುಕೊಂಡಳು. ಸೇಡಿಗೆ ಬಾರಿಸುವವನು ಮಧ್ಯಾಹ್ನ ಬಾರಿಸಬಹುದಿತ್ತು, ಊರು ಮಲಗಿದ ಮೇಲೆ ಬಾರಿಸಬಹುದಿತ್ತು. ಅಲುಗಾಡಿದರೆ ಸಿಕ್ಕಿಬೀಳುವ ಸಾ ಹೊತ್ತನ್ನೇ ಯಾಕೆ ಆರಿಸಿಕೊಂಡ? ಆ ಹೊತ್ತಿಗೆ ಇದ್ದ ಅನುಕೂಲ ಒಂದೇ. ಮೀನಿಗೆ ಹೋದವರು, ತೋಟಕ್ಕೆ ಹೋದವರು, ಆಡಲು ಹೋದವರು ಎಲ್ಲರೂ ಮನೆ ಸೇರಿರುತ್ತಾರೆ. ಒಬ್ಬರೂ ತಪ್ಪುವುದಿಲ್ಲ.

“ಎಲ್ಲರೂ ಮನೇಲಿದ್ರೆ ಯಾರಿಗೆ ಲಾಭ, ರೋಪಾಟಿ?”

“ತಲೆ ಎಣಿಸೋರಿಗೆ ಮೇಡಂ,” ಎಂದ ಅವನು ತಮಾಷೆಗೆ. ಮಾಸಿನಾ ನಗಲಿಲ್ಲ.

ಪೆಪೆಯ ಮಗಳು ಸೊಸೆಫಿನಾಳ ಮನೆ ಆ ಮೂರು ಮನೆಗಳ ನಡುವೆಯೇ ಇತ್ತು. ನಿನ್ನೆ ಆ ಮನೆಯಲ್ಲಿ ಇದ್ದವರು ಅವಳು, ಅವಳ ಎರಡು ಮಕ್ಕಳು, ಮುದುಕಿ ಅಷ್ಟೇ. ಹಾಗಾಗಿ ಯಜಮಾನರು ಆ ಮನೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಾಸಿನಾ ಸಾವಿನ ಮನೆಯ ಚಾಪೆಯ ಮೇಲೆ ಅವಳ ಜೊತೆ ಕೂತಳು. ಆಮೇಲೆ ಸಾ ಹೊತ್ತಿನಲ್ಲಿ ನೀವು ಯಾವ ಹಾಡು ಹಾಡುತ್ತಿದ್ದಿರಿ ಎಂದು ಕೇಳಿದಳು. ಗೋಡೆ ಇಲ್ಲದ ಮನೆಗಳು. ಒಂದು ಮನೆಯ ಹಾಡು ನಾಲ್ಕು ಮನೆಗೆ ಕೇಳುತ್ತದೆ.

“ಲೂಪೆಯಕ್ಕನ ಮನೆಯದು ಕೇಳ್ತಿತ್ತಾ?”

“ಕೇಳದೆ ಇರತ್ತಾ? ವಿಲಿ ಬಾಯಿ ಬಿಟ್ರೆ ಹಂದಿಗಳೂ ಎದ್ದು ಹೋಗ್ತಾವೆ. ಗಂಟೆ ಶುರುವಾದಾಗ ಅವನು ಮೂರನೇ ಚರಣ ಕಿರುಚ್ತಿದ್ದ. ಇವತ್ತೂ ಇವನ ಕಾಟ ತಪ್ಪಲಿಲ್ಲ ಅಂತ ಅಮ್ಮ ನಕ್ಕಿದ್ಲು. ಅದೇ ಕೊನೆ ನಗು.”

ಮಾಸಿನಾ ಪೆನ್ನು ನಿಲ್ಲಿಸಿದಳು. “ಇದನ್ನ ಸಭೆಗೆ ಹೇಳಲಿಲ್ವಾ?”

“ಕೇಳಿದವರು ಯಾರು? ಗಂಡಸರು ಕೂತ್ರು, ಗಂಡಸರು ಎದ್ರು. ನಾನು ಹೆಣದ ಮುಂದೆ ಇದ್ದೆ.”

ಪಾದ್ರಿಗಳ ಮನೆಯಲ್ಲಿ ನೆಂಟರಿದ್ದು ಹತ್ತು ದನಿ ಸೇರಿತ್ತು, ಪಾದ್ರಿಗಳದ್ದೂ ಅದರಲ್ಲಿತ್ತು. ಇನ್ನು ಮೇಷ್ಟ್ರ ಮನೆ? ಸೊಸೆಫಿನಾ ನೆನಪು ಮಾಡಿಕೊಂಡಳು. ಅಲ್ಲಿ ಹೆಂಡತಿ ಒಬ್ಬಳೇ ಹಾಡುತ್ತಿದ್ದಳು. ಚರ್ಚಿನ ಹಾಡುಗಾರರಲ್ಲಿ ಅತಿ ಕೆಳಗಿನ ಸ್ವರ ಮೇಷ್ಟ್ರದ್ದು. ಆ ದನಿ ಇಲ್ಲದೆ ಬೀದಿಯೆಲ್ಲ ಬೋಳು ಬೋಳಾಗಿತ್ತು, ಮೈಗೆ ಹುಷಾರಿಲ್ಲವೇನೋ ಅಂದುಕೊಂಡೆ ಎಂದಳು. ಹೇಳಿದ ಮೇಲೆ ಅವಳೇ ಬೆಚ್ಚಿ ಮಾಸಿನಾಳ ಮುಖ ನೋಡಿದಳು.

ಫಿಲೀಪೊ ಮೇಷ್ಟ್ರು ಊರ ಹೆಮ್ಮೆ. ಮೂವತ್ತೈದರ ಮನುಷ್ಯ, ಊರ ಶಾಲೆಯಲ್ಲಿ ಪಾಠ ಹೇಳುತ್ತ, ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಆನ್‌ಲೈನ್ ಮೂಲಕ ಸ್ನಾತಕೋತ್ತರ ಪದವಿ ಓದುತ್ತಿದ್ದ. ವಿಷಯ: ಸಮುದಾಯ ಅಭಿವೃದ್ಧಿ ಮತ್ತು ವಿಪತ್ತು ನಿರ್ವಹಣೆ. ಇಂಟರ್ನೆಟ್ ಚೆನ್ನಾಗಿ ಸಿಗುವುದು ಚರ್ಚಿನ ಸಭಾಂಗಣದಲ್ಲಿ ಮಾತ್ರ. ಅವನ ತರಗತಿ ನಡೆಯುವಾಗ ಯುವಕರು ಫೋನಿನಲ್ಲಿ ರಗ್ಬಿ ನೋಡುವುದನ್ನು ಬಿಡುತ್ತಿದ್ದರು, ಹೆಂಗಸರು ಸರದಿಯಂತೆ ಬಿಸಿ ಕೋಕೋ ಕಳಿಸುತ್ತಿದ್ದರು. ಮೇಷ್ಟ್ರು ಓದಿದರೆ ಊರೇ ಓದಿದಂತೆ ಎಂಬುದು ಅವರ ನಂಬಿಕೆ. ಈಗ ಅವನ ಕೋರ್ಸು ಕೊನೆಯ ಪ್ರಬಂಧಕ್ಕೆ ಬಂದಿತ್ತು.

ಶನಿವಾರ ಬೆಳಿಗ್ಗೆ ಮರಣೋತ್ತರ ಪರೀಕ್ಷೆಯ ವರದಿ ಬಂತು: ಹೃದಯ ನಿಂತು ಸಾವು, ಬಿದ್ದ ಮೇಲೂ ಸ್ವಲ್ಪ ಹೊತ್ತು ಜೀವವಿತ್ತು. ಹನ್ನೊಂದಕ್ಕೆ ಸಭಾಂಗಣದಲ್ಲಿ ವಿಚಾರಣೆ ಶುರುವಾಯಿತು. ಫಿಲೀಪೊ ಇಸ್ತ್ರಿ ಮಾಡಿದ ಅಂಗಿ, ಸೊಂಟಕ್ಕೆ ಸುತ್ತುವ ಲಾವಲಾವಾ ತೊಟ್ಟು ಬಂದಿದ್ದ. ಸಾ ಹೊತ್ತಿನಲ್ಲಿ ಮನೆಯಲ್ಲೇ ಇದ್ದೆ, ಗಂಟಲು ಕಟ್ಟಿದ್ದರಿಂದ ಹಾಡಲಿಲ್ಲ ಎಂದ.

“ಗುಡ್ಡದ ಮೇಲೆ ಮನೆ ಮನೆ ಹೆಸರು ಕೂಗಿದ್ದು ಯಾರು?”

“ನಾನೇ. ಯಾರು ಬಂದ್ರು, ಯಾರು ಬರಲಿಲ್ಲ ಗೊತ್ತಾಗ್ಬೇಕಲ್ಲ.”

“ಆ ತುದೀಲಿದ್ದವರಿಗೂ ಕೇಳಿಸ್ತಂತೆ. ಕಟ್ಟಿದ ಗಂಟಲು ಗುಡ್ಡ ಹತ್ತೋದ್ರೊಳಗೆ ಬಿಟ್ಟುಹೋಯ್ತಾ?”

ಮಾಸಿನಾ ಮೇಜಿನ ಮೇಲೆ ಬಿಳಿ ಬಟ್ಟೆಯ ಚೂರುಗಳನ್ನೂ ನೈಲಾನ್ ದಾರವನ್ನೂ ಇಟ್ಟಳು.

“ಮರಕ್ಕೆ ಕಟ್ಟಿದ್ದ ಫೋನ್ ಕೊಡಿ ಮೇಷ್ಟ್ರೇ.”

ಕೊಟ್ಟ. ಕೊಡಲಾರೆ ಎನ್ನುವಷ್ಟು ಕೆಟ್ಟವನೂ ಅವನಾಗಿರಲಿಲ್ಲ. ಮಾಸಿನಾ, ರೋಪಾಟಿ ಇಬ್ಬರೂ ಬಗ್ಗಿ ಅದರಲ್ಲಿದ್ದ ಗುರುವಾರ ಸಂಜೆಯ ವಿಡಿಯೊ ನೋಡಿದರು. ಕೂಸುಗಳನ್ನು ಬಗಲಿಗೇರಿಸಿಕೊಂಡು ಓಡುವ ತಾಯಂದಿರು, ಚಪ್ಪಲಿ ಕಳಕೊಂಡ ಮುದುಕರು, ಎರಡು ಮಕ್ಕಳನ್ನು ಹೊತ್ತು ತಿರುತಿರುಗಿ ನೋಡುತ್ತ ಓಡುವ ಸೊಸೆಫಿನಾ. ಎಲ್ಲರೂ ದಾಟಿಹೋದ ಮೇಲೆ ಪೆಪೆ. ಅವಳು ತೆಂಗಿನ ಮರಕ್ಕೆ ನಾಲ್ಕು ಹೆಜ್ಜೆ ಕೆಳಗೆ ಬಂದು ಕೂತಳು. ಮೇಲಕ್ಕೆ ಕೈ ಚಾಚಿದಳು. ಬಾಯಿ ಅಲ್ಲಾಡಿತು. ಯಾರೂ ಇಲ್ಲದ ಹಾದಿಯಲ್ಲಿ ಅವಳು ಯಾರತ್ತ ಕೈ ಚಾಚುತ್ತಾಳೆ? ಮಾಸಿನಾಗೆ ಹೊಳೆಯಿತು.

“ನೀವು ಅಲ್ಲೇ ಇದ್ರಿ.”

“ಮೇಲೆ, ಪೊದೆ ಪಕ್ಕ. ಗಂಟೆ ಬಾರಿಸಿ ತೋಟದ ಕಡೆಯಿಂದ ಹತ್ತಿ ಬಂದೆ.”

“ಅವರು ನಿಮ್ಮನ್ನ ಕರೀತಿದ್ರು.”

“ದಣಿವಾಯ್ತು ಅಂತ ಕೂತಿದಾರೆ ಅಂದ್ಕೊಂಡೆ. ಎಷ್ಟು ಹೊತ್ತಿಗೆ ಏಳ್ತಾರೆ ಅಂತ ನೋಡ್ತಿದ್ದೆ.”

“ಇಳಿದು ಹೋಗಿ ಕೈ ಹಿಡೀಬಹುದಿತ್ತಲ್ಲ?”

“ಹಿಡಿದಿದ್ರೆ ವೀಕ್ಷಣೆ ಕೆಡ್ತಿತ್ತು,” ಎಂದ ಫಿಲೀಪೊ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದವನಂತೆ ತಲೆ ತಗ್ಗಿಸಿದ.

ರೋಪಾಟಿ ಎದ್ದು ಹೊರಗೆ ಹೋಗಿ ನಿಂತುಕೊಂಡ. ಮಾಸಿನಾಗೆ ಹಾಗೆ ಹೋಗುವ ಸ್ವಾತಂತ್ರ್ಯ ಇರಲಿಲ್ಲ. ಗುಡ್ಡದ ಮೇಲೆ ಈ ಮನುಷ್ಯ ‘ಪೆಪೆ’ ಎಂದು ಎರಡು ಸಲ ಕೂಗಿದ್ದನ್ನು ಊರೆಲ್ಲ ಹೇಳಿತ್ತು, ಎಂಥ ಜವಾಬ್ದಾರಿಯ ಮೇಷ್ಟ್ರು ಎಂದು ಕೊಂಡಾಡಿತ್ತು. ಎಲ್ಲಿದ್ದಾಳೆಂದು ಗೊತ್ತಿದ್ದೂ ಕೂಗಿದ್ದ. ಅವಳ ಕೋಕೋ ಕುಡಿದೇ ಓದಿದ್ದ ವಿದ್ಯೆ ಇದು. ಇಂಥ ವಿದ್ಯೆಗೆ ಬೆಂಕಿ ಬೀಳಲಿ ಎಂದು ಮಾಸಿನಾ ಮನಸ್ಸಿನಲ್ಲೇ ಶಪಿಸಿದಳು. ಸಮುದಾಯ ಅನ್ನುವ ಮಾತನ್ನು ದಿನಕ್ಕೆ ನೂರು ಸಲ ಬರೆಯುವವನಿಗೆ ಸಮುದಾಯ ಅಂದರೆ ಒಬ್ಬ ಮುದುಕಿಯ ಕೈ ಎಂದು ಯಾರೂ ಕಲಿಸಿರಲಿಲ್ಲವೇ?

“ವಿಲಿ ನಿಮ್ಮ ಶಾಲೇಲಿ ಓದಿದ ಹುಡುಗ. ಇವತ್ತು ಸಂಜೆ ಅವನ ಮನೆ ಕೆಡವ್ತಾರೆ. ಸುಮ್ನೆ ಇರ್ತಿದ್ರಾ?”

“ಪ್ರಬಂಧ ಸಲ್ಲಿಸಿದ ಮೇಲೆ ಹೇಳೋಣ ಅಂತಿದ್ದೆ.”

ಹನ್ನೆರಡೂ ಮುಕ್ಕಾಲಿಗೆ ಬಂಧನ. ಸುಳ್ಳು ಅಪಾಯ ಸೂಚನೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣ. ಮಾಸಿನಾ ನೇರ ಯಜಮಾನರ ಮನೆಗೆ ಹೋಗಿ, ಲೂಪೆಯ ಮನೆಯ ಒಂದು ಕಂಬ ಅಲ್ಲಾಡಿದರೂ ಇಡೀ ಸಭೆಯನ್ನೇ ಜೀಪಿಗೆ ಹತ್ತಿಸುವೆನೆಂದು ಹೇಳಿಬಂದಳು. ಲೆಸಾರಿಗೆ ಬಾರಿಸಿದ್ದು ಮೇಷ್ಟ್ರು ಎಂಬ ಮಾತನ್ನು ನಂಬುವುದಕ್ಕೇ ಸುಮಾರು ಹೊತ್ತು ಬೇಕಾಯಿತು. ನಂಬಿದ ಮೇಲೆ ಅವರು ಲೂಪೆಯ ಅಂಗಳಕ್ಕೆ ಹೋಗಿ ತಲೆ ತಗ್ಗಿಸಿ ಕೂತರು. ಲೂಪೆ ಅವರತ್ತ ನೋಡಲಿಲ್ಲ.

ಹೇಳಿಕೆಯ ಉಳಿದ ಭಾಗವನ್ನು ಫಿಲೀಪೊ ಜೀಪಿನಲ್ಲಿ ಕೂತೇ ಕೊಟ್ಟ. ಸುನಾಮಿ ಬಂದಂತೆ ಊರಿಂದ ಒಂದು ಅಣಕು ಓಟ ಮಾಡಿಸೋಣ ಎಂದು ಅವನು ಸಭೆಯನ್ನು ಕೇಳಿದ್ದ. ಅಲೆಯನ್ನು ಆಟಕ್ಕೆ ಕರೆದರೆ ನಿಜಕ್ಕೂ ಬರುತ್ತದೆ ಎಂದು ಹಿರಿಯರು ಬೇಡವೆಂದಿದ್ದರು. ಪ್ರಬಂಧದ ಮಾರ್ಗದರ್ಶಕರು ಜನ ಹೇಳುವುದು ಸಾಲದು, ಮಾಡುವುದನ್ನು ತೋರಿಸು ಎಂದು ಪರದೆಯ ಮೇಲಿಂದ ಹೇಳಿದ್ದರು; ಹೇಗೆ ತೋರಿಸುತ್ತೀಯ ಎಂದು ಕೇಳಿರಲಿಲ್ಲ. ಹಾದಿಯ ಬಿಳಿ ಬಟ್ಟೆಗಳು, ಯಾರು ಎಷ್ಟು ಹೊತ್ತಿಗೆ ಎಷ್ಟು ದೂರ ಹತ್ತಿದರೆಂದು ಅಳೆಯಲು ಅವನೇ ಕಟ್ಟಿದ ಗುರುತುಗಳು.

ಇದರ ಅಡಿಯಲ್ಲಿ ಇನ್ನೊಂದಿತ್ತು. ಹಿಂದೊಮ್ಮೆ ನಿಜವಾಗಿ ಅಲೆ ಬಂದಾಗ ಗಂಟೆಯ ಹೊಣೆ ಅವನ ಅಪ್ಪನದಾಗಿತ್ತು. ಸಮುದ್ರ ಹಿಂದೆ ಸರಿದದ್ದನ್ನು ಕಂಡ ಅಪ್ಪ ಸಲಾಕೆ ಎತ್ತಲಿಲ್ಲ. ಬಾರಿಸಲೇ ಎಂದು ಹಿರಿಯರ ಅಪ್ಪಣೆ ಕೇಳಲು ಹೋದ. ಅಪ್ಪಣೆ ಸಿಗುವಷ್ಟರಲ್ಲಿ ಫಿಲೀಪೊನ ತಾಯಿ, ದಡದ ಸಿಹಿನೀರಿನ ಒರತೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು, ಕೊಚ್ಚಿಹೋಗಿದ್ದಳು. ಇನ್ನು ಮೇಲೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ ಎಂದು ಅವನು ಅಂದೇ ತೀರ್ಮಾನಿಸಿದ್ದ. ಯಾರಿಗೆ ಗುಡ್ಡ ಹತ್ತಲಾಗದು ಎಂದು ಗೊತ್ತಾದರೆ ಮುಂದಿನ ಸಲ ಅವರನ್ನು ಉಳಿಸಬಹುದು ಎಂದ. ಮಾಸಿನಾಗೆ ಕರುಣೆ ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಜೀಪು ಹೊರಡುವಷ್ಟರಲ್ಲಿ ಲೂಪೆ ಬಂದು ಅಡ್ಡ ನಿಂತಳು. ಬೈಯುತ್ತಾಳೆ ಎಂದು ರೋಪಾಟಿ ಕಿಟಕಿ ಏರಿಸಲು ಹೋದ. ಮಾಸಿನಾ ತಡೆದಳು.

“ಸಭೆಯವರು ಬೇಡ ಅಂದ್ರು, ಸರಿ. ಹೆಂಗಸರ ಸಂಘಕ್ಕೆ ಬಂದು ಹೇಳಿದ್ರಾ ಮೇಷ್ಟ್ರೇ? ಭಾನುವಾರ ಊಟ ಆದ್ಮೇಲೆ ನಾವೇ ಮಕ್ಕಳನ್ನ ಎತ್ಕೊಂಡು ಓಡಿ ತೋರಿಸ್ತಿದ್ವಿ. ಎಷ್ಟು ಸಲ ಬೇಕೋ ಅಷ್ಟು ಸಲ. ಪೆಪೆಯಕ್ಕನ್ನ ಇಬ್ರು ಹೊತ್ಕೊಂಡು ಹೋಗ್ತಿದ್ವಿ. ನಮ್ಮನ್ನೊಂದು ಮಾತು ಕೇಳ್ಬೇಕು ಅಂತ ನಿಮಗೆ ಹೊಳೀಲಿಲ್ವಾ?”

ಫಿಲೀಪೊ ಬಹಳ ಹೊತ್ತು ಯೋಚಿಸಿದ. ತಪ್ಪಿಸಿಕೊಳ್ಳುವ ಉತ್ತರ ಹುಡುಕುತ್ತಿರಲಿಲ್ಲ; ನಿಜವಾಗಿ ನೆನಪು ಮಾಡಿಕೊಳ್ಳುತ್ತಿದ್ದ.

“ಹೊಳೀಲಿಲ್ಲ,” ಎಂದ.

ಮಾಸಿನಾ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡು, ಕೆಳಗೆ ಅವನ ಸಹಿ ಹಾಕಿಸಿದಳು.