ಹತ್ತು ನಿಮಿಷ ದಾಟಿದ ಮೇಲೆ

ಎರಡೂ ಕೈ ಚಾಚಿ ಕಾರಿಗೆ ಅಡ್ಡ ನಿಂತುಬಿಟ್ಟಳು ಮಾಧವಿ!

ಬ್ರೇಕ್ ಕಿರ್ರೆಂದಿತು. ಕಡಲಾಚೆಯ ಬೆಲ್ವ್ಯೂ ಊರಿನ ಆ ದೊಡ್ಡ ಹೋಟೆಲಿನ ಗೇಟಿನ ಮುಂದೆ, ಅಲ್ಲಿ ರೂಮು ಕ್ಲೀನ್ ಮಾಡುವ ಹೆಂಗಸರು ಬೆಳಗಿನಿಂದ ಮುಷ್ಕರ ಹೂಡಿದ್ದರು. ಅವರ ಯೂನಿಯನ್ ಪರವಾಗಿ ಮೈಕ್ ಹಿಡಿದವಳು ಇವಳೇ.

"ಪ್ಲೀಸ್, ಟರ್ನ್ ಬ್ಯಾಕ್!" ಎಂದು ಕೂಗಿದವಳು, "ಕಣ್ಣು ಕಾಣಲ್ವಾ ಈ ಮನುಷ್ಯನಿಗೆ..." ಎಂದು ಕನ್ನಡದಲ್ಲಿ ಗೊಣಗಿದಳು.

ಕಾರಿನ ಗಾಜು ಕೆಳಗಿಳಿಯಿತು.

"ಕಾಣುತ್ತೆ ಕಣ್ರೀ. ಚೆನ್ನಾಗೇ ಕಾಣ್ತಿದೆ!"

ಅಯ್ಯೋ ದೇವರೇ... ಕನ್ನಡದವನು! ಮಾಧವಿಯ ಮುಖ ಕೆಂಪಾಯಿತು.

ಅವನು ಯತೀಶ್. ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಆ ಕ್ಷಣಕ್ಕೆ ಮಾತ್ರ ಕನ್ನಡ ಸಂಘದ ಊಟದ ಉಸ್ತುವಾರಿ. ಹಿಂದಿನ ಸೀಟಿನ ತುಂಬ ಯುಗಾದಿಯ ಹೋಳಿಗೆ ಘಮಘಮಿಸುತ್ತಿತ್ತು.

"ನಮ್ಮ ಊಟ ಇದೇ ಹೋಟೆಲ್‌ನಲ್ಲಿ ಬುಕ್ ಆಗಿದೆ. ಈಗ ನಾನೇನು ಮಾಡ್ಲಿ?"

"ನೀವು ಒಳಗೆ ಹೋದ್ರೆ ಇವರೆಲ್ಲ ಸೋತ ಹಾಗೆ. ಅಷ್ಟು ಮಾತ್ರ ನೆನಪಿಟ್ಕೊಳ್ಳಿ."

ಯತೀಶ್ ಆ ಹೆಂಗಸರ ಕಡೆ ಒಮ್ಮೆ ನೋಡಿದ. ಫೋನ್ ತೆಗೆದ. "ವಾಸಂತಿ ಅತ್ತೆ, ಊಟ ಬಾಥೆಲ್ ದೇವಸ್ಥಾನದ ಹಾಲ್‌ಗೆ ಶಿಫ್ಟ್ ಮಾಡಿ... ಬೈದ್ರೆ ಬೈಸ್ಕೊಳ್ತೀನಿ ಬಿಡಿ."

ಆಮೇಲೆ ಒಂದು ಡಬ್ಬಿ ಇಳಿಸಿ ಮುಷ್ಕರದವರಿಗೆಲ್ಲ ಹೋಳಿಗೆ ಹಂಚಿದ. ಕೊನೆಯದನ್ನು ಮಾಧವಿಯ ಕೈಗಿಟ್ಟ. ಅವಳು ಆಗಲೇ ಅರ್ಧ ಸೋತಿದ್ದಳು, ಒಪ್ಪಿಕೊಳ್ಳಬೇಕಲ್ಲ!

ಮುಷ್ಕರ ಗೆದ್ದಿತು. ಬಾಡಿಗೆ ರೂಮು ಹುಡುಕುತ್ತಿದ್ದ ಮಾಧವಿಗೆ ಬಾಥೆಲ್‌ನಲ್ಲಿದ್ದ ತನ್ನ ವಾಸಂತಿ ಅತ್ತೆಯ ಮಹಡಿಯನ್ನೇ ಕೊಡಿಸಿದ ಯತೀಶ್. ಅತ್ತೆಯನ್ನು ನೋಡುವ ನೆಪದಲ್ಲಿ ವಾರವಾರವೂ ಬರತೊಡಗಿದ.

"ನೀವು ಯಾವಾಗ್ಲೂ ಬಾಗಿಲಿಗೇ ಮುಖ ಮಾಡಿ ಕೂರ್ತೀರಲ್ಲ, ಯಾಕೆ?" ಎಂದು ಕೇಳಿದ ಒಮ್ಮೆ.

"ಯಾಂಗೂನ್ ಅಭ್ಯಾಸ..." ಎಂದು ನಕ್ಕಳು ಮಾಧವಿ.

ಅವಳ ಅಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅಲ್ಲಿಯ ಯೂನಿಯನ್‌ನಲ್ಲೇ ಬೆಳೆದ ಮಾಧವಿ, ಮ್ಯಾನ್ಮಾರ್‌ನ ಯಾಂಗೂನ್‌ನಲ್ಲಿ ಹೊಲಿಗೆ ಹುಡುಗಿಯರಿಗೆ ಸಂಘಟನೆ ಕಲಿಸಲು ಹೋಗಿದ್ದಳು. ಅಷ್ಟರಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಅಂತರ್ಯುದ್ಧ ಶುರುವಾಯಿತು. ಯೂನಿಯನ್ ಎಂದರೆ ಜೈಲು! ಆದರೂ ಅವಳು ವಾಪಸು ಬರಲಿಲ್ಲ. ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರಗಳ ಸದ್ದಿನ ಮರೆಯಲ್ಲಿ ಸಭೆ ನಡೆಸುತ್ತಿದ್ದಳು. ಬ್ಲೌಸಿನ ಲೈನಿಂಗ್ ಒಳಗೆ ಕರಪತ್ರ ಸಾಗುತ್ತಿತ್ತು. ಕೊನೆಗೆ ಆ ದೇಶ ಬಿಡಲೇಬೇಕಾಗಿ ಬಂದು, ಇಲ್ಲಿಯ ಯೂನಿಯನ್ ಸೇರಿದ್ದಳು.

"ಕಿಟಕಿಯಲ್ಲಿ ಹೂಕುಂಡ ಇದ್ರೆ, ಅಪಾಯ ಇಲ್ಲ, ಬನ್ನಿ ಅಂತ. ಇಲ್ದಿದ್ರೆ ಹಾಗೇ ಮುಂದೆ ಹೋಗ್ಬಿಡಬೇಕು. ಯಾರಾದ್ರೂ ಹತ್ತು ನಿಮಿಷ ತಡ ಮಾಡಿದ್ರೆ ಸೈನ್ಯದ ಕೈಗೆ ಸಿಕ್ಕಿರಬಹುದು, ಕಾಯೋ ಹಾಗಿಲ್ಲ. ಎದ್ದು ಹೋಗಿ, ಫೋನ್ ಆಫ್ ಮಾಡ್ಬೇಕು."

"ಅದಕ್ಕೇನಾ ನಿಮ್ಮ ಕಿಟಕಿಯಲ್ಲಿ ಅತ್ತೆಯ ದೊಡ್ಡಪತ್ರೆ ಕುಂಡ?"

"ಹೂಂ." ಅವಳ ದನಿ ತಗ್ಗಿತು. "ಒಂದಿನ ನನ್ನ ಗೆಳತಿ ನ್ವೇ ಬರ್ಲಿಲ್ಲ. ನಾನು ಎದ್ದು ಬಂದ್ಬಿಟ್ಟೆ. ಈಗ ಥಾಯ್ಲೆಂಡ್‌ನಲ್ಲಿ ಕ್ಷೇಮವಾಗಿದಾಳೆ, ನೀನು ಮಾಡಿದ್ದೇ ಸರಿ ಅಂತಾಳೆ. ಆದ್ರೂ... ಯಾರಿಗೂ ಕಾಯೋಕೆ ನನಗೆ ಭಯ ಯತೀಶ್. ಬರದೇ ಇದ್ರೆ?"

ಹೊರಡುವಾಗ ಯತೀಶ್, "ಭಾನುವಾರ ನಾಲ್ಕಕ್ಕೆ ರೆಡ್ಮಂಡ್‌ನ ಸರೋವರದ ಪಾರ್ಕ್‌ಗೆ ಬನ್ನಿ. ಒಂದು ಮಾತು ಹೇಳ್ಬೇಕು" ಎಂದ.

ಭಾನುವಾರ ಮಾಧವಿ ಹಸಿರು ಚೂಡಿದಾರ್ ತೊಟ್ಟು ಬೆಂಚಿನ ಮೇಲೆ ಕೂತಳು. ನಾಲ್ಕಾಯಿತು. ನಾಲ್ಕು ಹತ್ತೂ ಆಯಿತು. ಯತೀಶ್ ಇಲ್ಲ!

ಇದು ಯಾಂಗೂನ್ ಅಲ್ಲವೆಂದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಅವಳು ಎದ್ದು ಫೋನ್ ಆಫ್ ಮಾಡಿ ಮನೆ ಸೇರಿದಳು. ಕಿಟಕಿಯ ಕುಂಡವನ್ನು ಒಳಗಿಟ್ಟಳು. 'ಮನಸ್ಸು ಬದಲಾಯಿಸಿದ... ಅಷ್ಟೇ' ಎಂದುಕೊಂಡು ಮನಸಾರೆ ಅತ್ತಳು.

ಆ ವಾರ ಯತೀಶ್ ಬರಲಿಲ್ಲ. ಅತ್ತೆಯ ಮನೆಗೂ! ಮಾಧವಿಯೂ ಸ್ವಂತ ಫೋನ್ ಆನ್ ಮಾಡಲಿಲ್ಲ, ಕೆಲಸಕ್ಕೆ ಯೂನಿಯನ್ ಫೋನ್ ಇತ್ತು.

ಶನಿವಾರ ವಾಸಂತಿ ಅತ್ತೆ ಮಹಡಿ ಹತ್ತಿ ಬಂದರು. "ಏನೇ ಹುಡುಗಿ, ಅವನು ಮನೆ ಮುಂದೆ ಕಾರ್ ನಿಲ್ಲಿಸ್ತಾನೆ, ನಿನ್ನ ಕಿಟಕಿ ನೋಡ್ತಾನೆ, ಸುಮ್ನೆ ಹೊರಟುಹೋಗ್ತಾನೆ. ಫೋನ್ ಮಾಡಿ ಬೈದ್ರೆ, 'ಕುಂಡ ಇಲ್ಲ ಅತ್ತೆ, ನಾನು ಬರೋದು ಅವರಿಗೆ ಇಷ್ಟ ಇಲ್ಲ' ಅಂತಾನೆ. ಏನಿದು ನಿಮ್ಮ ಕುಂಡದ ಕಥೆ?"

ಮಾಧವಿ ಬೆಚ್ಚಿದಳು. "ಅವರು... ಪಾರ್ಕ್‌ಗೇ ಬರ್ಲಿಲ್ಲ ಆಂಟಿ. ಹತ್ತು ನಿಮಿಷ ಕಾದೆ."

"ಹತ್ತು ನಿಮಿಷಾನಾ?!" ಅತ್ತೆ ಹಣೆ ಚಚ್ಚಿಕೊಂಡರು. "ಫೋರ್ ನಾಟ್ ಫೈವ್ ಹೈವೇನಲ್ಲಿ ಹತ್ತು ನಿಮಿಷ ಲೇಟಾಗದೇ ಇರೋರು ಯಾರಿದಾರೆ? ಅವನು ಟ್ರಾಫಿಕ್‌ನಿಂದ ಎಷ್ಟು ಸಲ ಕಾಲ್ ಮಾಡಿದ್ನೋ ಪಾಪ! ಕತ್ತಲಾಗೋವರೆಗೂ ಅದೇ ಬೆಂಚಲ್ಲಿ ಕೂತಿದ್ನಂತೆ!"

ಮಾಧವಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಫೋನ್ ಆನ್ ಮಾಡಿ ಅವನಿಗೆ ಬರೆದಳು: 'ನಾಳೆ ನಾಲ್ಕಕ್ಕೆ. ಅದೇ ಬೆಂಚು.'

ಮರುದಿನ ನಾಲ್ಕಾಯಿತು. ಅವನಿಲ್ಲ. ಹತ್ತು ನಿಮಿಷವೂ ಆಯಿತು!

ಕಾಲು ತಾನಾಗಿ ಎದ್ದು ನಿಂತಿತು. ಓಡು ಎಂದಿತು. ಮಾಧವಿ ಕಣ್ಣುಮುಚ್ಚಿದಳು. 'ಅವನು ಬರ್ತಾನೆ. ನನ್ನ ಯತೀಶ್ ಬರ್ತಾನೆ...' ಮೆಲ್ಲಗೆ ಮತ್ತೆ ಕೂತಳು. ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು. ಸರೋವರದಲ್ಲಿ ಬಾತುಕೋಳಿಗಳು ಜಗಳವಾಡುತ್ತಿದ್ದವು. ಜೀವನದಲ್ಲಿ ಮೊದಲ ಸಲ ಕಾಯುವುದು ಅವಳಿಗೆ ಹಿತವೆನಿಸಿತು.

ಓಡಿ ಬರುವ ಹೆಜ್ಜೆ ಸದ್ದು!

"ಮಾಧವಿ... ಸಾರಿ... ಅಡ್ಡಡ್ಡ ಒಂದು ಲಾರಿ ನಿಂತಿತ್ತು..." ಏದುಸಿರು ಬಿಡುತ್ತಿದ್ದ ಯತೀಶ್ ಥಟ್ಟನೆ ಬೆಂಚಿನತ್ತ ನೋಡಿದ. ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ದೊಡ್ಡಪತ್ರೆ ಕುಂಡವಿತ್ತು.

ಅವನ ಕಣ್ಣು ತುಂಬಿತು. ಕುಂಡವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತ. "ಎಷ್ಟು ಹೊತ್ತು ಕಾದೆ?"

"ನೋಡ್ಲಿಲ್ಲ." ಅವಳು ಅವನ ಭುಜಕ್ಕೆ ತಲೆಯಿಟ್ಟಳು. "ನೀವೇನೋ ಹೇಳ್ಬೇಕು ಅಂದಿದ್ರಲ್ಲ?"

"ನಿನ್ನನ್ನ ತುಂಬಾ ಪ್ರೀತಿಸ್ತೀನಿ ಮಾಧವಿ. ಇನ್ಮೇಲೆ ಒಂದು ಗಂಟೆ ಮುಂಚೇನೇ ಹೊರಡ್ತೀನಿ, ಪ್ರಾಮಿಸ್!"

"ಬೇಡ," ಎಂದು ನಕ್ಕಳು ಅವಳು. "ನಿಧಾನಕ್ಕೇ ಡ್ರೈವ್ ಮಾಡ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ."