ಕತ್ತರಿಸಿದ ಮೌನ

ಟೀಚರ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಬಂದರೆ ಅವರ ಎಡಹುಬ್ಬು ತುಸು ಮೇಲೇರುವುದನ್ನು ಅವನು ಬಲ್ಲ. ಇಂದು ಅದೂ ಏರಲಿಲ್ಲ; ಅದಕ್ಕೇ ಅವನಿಗೆ ಹೆದರಿಕೆಯಾಯಿತು.

ಹಳೆಯ ಸಿಡಿಗಳಲ್ಲಿದ್ದ ಗಣಿತದ ಪಾಠಗಳನ್ನು ವೆಬ್‌ಸೈಟಿಗೆ ಸಾಗಿಸುವುದು ಅವನ ಕೆಲಸ. ಆ ಪಾಠಗಳನ್ನು ಬರೆದು ದನಿ ಕೊಟ್ಟವರು ಟೀಚರ್. ಅವನನ್ನು ‘ವೆಬ್ ಸಾಹೇಬ್ರು’ ಎಂದು ಕರೆದು ಕಣ್ಣಂಚಿನಲ್ಲಿ ನಗುತ್ತಿದ್ದವರು ಕಚೇರಿಯಲ್ಲಿ ಅವರೊಬ್ಬರೇ. ಆ ನಗುವಿಗೆ ಮರುಳಾಗಿ, ಕಳೆದ ತಿಂಗಳು ಮೆಟ್ಟಿಲಿಳಿಯುವಾಗ, ತನ್ನನ್ನು ಮದುವೆಯಾಗುವಿರಾ ಎಂದು ಕೇಳಿಬಿಟ್ಟಿದ್ದ. ಅವರು ಕಂಬಿ ಹಿಡಿದು ನಿಂತರೇ ಹೊರತು ಏನೂ ಹೇಳಲಿಲ್ಲ. ಅಂದಿನಿಂದ ನಗುವೂ ನಿಂತಿತು. ಒಲ್ಲೆ ಎನ್ನಲು ಸಂಕೋಚವಿರಬೇಕೆಂದು ಬಗೆದು, ಅವನು ದೂರದ ಶಾಖೆಗೆ ವರ್ಗಾವಣೆ ಬೇಡಿದ್ದ. ಬೆಳಿಗ್ಗೆಯಷ್ಟೇ ಒಪ್ಪಿಗೆ ಬಂದಿತ್ತು.

ಅದರ ಮೇಲೆ ಈ ಎಡವಟ್ಟು. ಪಾಠಗಳು ಬೇಗ ತೆರೆದುಕೊಳ್ಳಲೆಂದು, ಆಡಿಯೋ ಫೈಲುಗಳಲ್ಲಿ ಸದ್ದಿಲ್ಲದ ಕಡೆಯೆಲ್ಲ ಕತ್ತರಿಸುವಂತೆ ಕಂಪ್ಯೂಟರಿಗೆ ಅಪ್ಪಣೆ ಕೊಟ್ಟಿದ್ದ. ಫೈಲು ಅರ್ಧಕ್ಕಿಳಿಯಿತೆಂದು ಬೀಗಿಯೂ ಇದ್ದ. ಈಗ ಟೀಚರ್ ದನಿ ಹದಿನೇಳರಲ್ಲಿ ಒಂಬತ್ತು ಕಳೆದರೆಷ್ಟು ಎಂದು ಕೇಳಿ, ಮಗು ಬೆರಳು ಮಡಿಸುವ ಮೊದಲೇ ಎಂಟು ಎಂದು ತಾನೇ ಹೇಳಿಬಿಡುತ್ತಿತ್ತು.

“ಮಧ್ಯೆ ಏನೂ ಇರಲಿಲ್ಲ ಅಂತ ತೆಗೆದೆ,” ಎಂದ.

“ಏನೂ ಇರಲಿಲ್ವಾ? ಮಗು ಲೆಕ್ಕ ಮಾಡೋದು ಅಲ್ಲೇ ಅಲ್ವಾ ಸಾಹೇಬ್ರೇ?”

ಎಲ್ಲವನ್ನೂ ಮರಳಿ ಸೇರಿಸಿಯೇ ಹೊರಡುವುದಾಗಿ ಅವನು ಮಾತು ಕೊಟ್ಟ. ಎಲ್ಲಿಗೆ ಹೊರಡುವುದು ಎಂದು ಅವರು ಕೇಳಿದರು. ವರ್ಗಾವಣೆಯ ವಿಷಯ ಬಾಯಿಬಿಡಬೇಕಾಯಿತು. ಅವರ ಬೆರಳು ಹೆಡ್‌ಫೋನಿನ ತಂತಿಯನ್ನು ಸುತ್ತಿತು, ಬಿಚ್ಚಿತು, ಮತ್ತೆ ಸುತ್ತಿತು.

“ನನ್ನ ಮಗಳಿಗೆ ನಿಮ್ಮ ವಿಷಯ ಹೇಳೋಕೆ ಧೈರ್ಯ ಬೇಕಿತ್ತು. ಅವಳಪ್ಪ ತೀರಿಕೊಂಡು ಇನ್ನೂ ಎರಡು ವರ್ಷ ಆಗಿಲ್ಲ. ನಿನ್ನೆ ಹೇಳಿದೆ, ರೂಮಿನ ಬಾಗಿಲು ಹಾಕ್ಕೊಂಡಳು. ಆದರೂ ಇವತ್ತು ನಿಮಗೆ ಹೂಂ ಅನ್ನೋಣ ಅಂತಲೇ ಬಂದೆ.”

ಅವನು ಕುರ್ಚಿ ಹಿಂದಕ್ಕೆ ತಳ್ಳಿದ. ವರ್ಗಾವಣೆ ಬೇಡವೆಂದು ಈಗಲೇ ಹೇಳಿಬರುವೆನೆಂದು ಎದ್ದ. ಟೀಚರ್ ಅಲ್ಲಾಡಲಿಲ್ಲ.

“ಒಂದು ತಿಂಗಳು ಕಾಯೋಕಾಗದವರು, ಆ ಹುಡುಗಿ ವರ್ಷಗಟ್ಟಲೆ ಮಾತಾಡದಿದ್ರೆ ಏನು ಮಾಡ್ತೀರಿ?”

ನಾಲಿಗೆಯ ತುದಿಗೆ ಬಂದ ಸಮಾಧಾನಗಳನ್ನೆಲ್ಲ ಅವನು ನುಂಗಿಕೊಂಡ. ಯಾವುದೂ ನಿಜವೆನಿಸಲಿಲ್ಲ.

“ಬೇಜಾರಾಗುತ್ತೆ,” ಎಂದ ಕೊನೆಗೆ. “ಆದ್ರೂ ಮನೇಲೇ ಇರ್ತೀನಿ.”

ಆ ದಿನ ಮೊದಲ ಬಾರಿಗೆ ಅವರು ಅವನ ಮುಖವನ್ನು ನೇರವಾಗಿ ನೋಡಿದರು. ಕಣ್ಣು ತುಂಬಿತ್ತು, ನಗುವಿರಲಿಲ್ಲ.

“ಭಾನುವಾರ ಮನೆಗೆ ಬನ್ನಿ,” ಎಂದರು. “ಅವಳು ಬಾಗಿಲು ತೆಗೀತಾಳೆ ಅಂತ ಮಾತ್ರ ನಾನು ಹೇಳಲಾರೆ.”