ಒಂದು ಮನೆಗೆ ಒಂದೇ ಬೀಗ

"ಏನ್ರೀ, ನಾಚಿಕೆ ಆಗಲ್ವಾ ನಿಮಗೆ?"

ಇಡೀ ಕಟ್ಟಡಕ್ಕೆ ಒಂದೇ ಆದ, ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ, ಎರಡು ಚೀಲ ಕೊಳೆ ಬಟ್ಟೆ ಹಿಡಿದು ನಿಂತ ಇಲ್ವಾಳ ಪಿತ್ತ ನೆತ್ತಿಗೇರಿತ್ತು. ಶನಿವಾರ ಬೆಳಗಿನ ಸರದಿ ಅವಳದು. ಆದರೆ ಯಂತ್ರದೊಳಗೆ ಯಾರದೋ ನೀಲಿ ಸಮವಸ್ತ್ರ ಗಿರಗಿರ ತಿರುಗುತ್ತಿತ್ತು! ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕಾಫಿ ಹೀರುತ್ತಿದ್ದವನು ಮೇಲಿನ ಮಹಡಿಯ ಟೋರ್ಕೆಲ್, ಟ್ರಾಮ್ ಚಾಲಕ.

ಗೋಥೆನ್‌ಬರ್ಗ್ ನಗರದ ಜನ ಗಂಡನನ್ನು ಕದ್ದವರನ್ನಾದರೂ ಕ್ಷಮಿಸಿಯಾರು, ಒಗೆಯುವ ಸರದಿ ಕದ್ದವರನ್ನು ಮಾತ್ರ ಬಿಡರು. ಗೋಡೆಯ ಹಲಗೆಯಲ್ಲಿ ವಾರದ ಒಂದೊಂದು ಹೊತ್ತಿಗೂ ಒಂದೊಂದು ತೂತು. ಒಂದು ಮನೆಗೆ ಒಂದೇ ಬೀಗ. ಬೇಕಾದ ಹೊತ್ತಿಗೆ ಬೀಗ ಹಾಕಿ ಕೀಲಿ ತಿರುಗಿಸಿದರೆ ಆ ಹೊತ್ತು ನಿಮ್ಮದು. ನಿಮ್ಮ ಕೀಲಿಯಿಲ್ಲದೆ ಅದನ್ನು ದೇವರೂ ಕದಲಿಸಲಾರ.

ಇಲ್ವಾಳ ಬೀಗ ಮಂಗಳವಾರಕ್ಕೆ ಹೋಗಿ ಕೂತಿತ್ತು.

"ಶನಿವಾರ ಖಾಲಿ ಇತ್ತು, ಹಾಕ್ಕೊಂಡೆ," ಅಂದ ಟೋರ್ಕೆಲ್.

"ಖಾಲಿ ಹೇಗಿರತ್ತೆ? ನನ್ನ ಬೀಗಕ್ಕೇನು ಕಾಲು ಬಂದು ನಡ್ಕೊಂಡು ಹೋಯ್ತಾ?"

ಅವನ ಮುಖದ ಬಣ್ಣ ಬದಲಾಯಿತು. ಹಲಗೆ ನೋಡಿದ. ಅವಳ ಕಾಲು ನೋಡಿದ. ಕೈ ತಾನಾಗಿಯೇ ಎಡ ಹೆಗಲಿಗೆ ಹೋಯಿತು.

"ತಪ್ಪಾಯ್ತು... ನಾನೇ ತೆಗೆದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ತಂತಿ ಹಾಕಿ ತೆಗೆದಿರಬೇಕು ಎಂದುಕೊಂಡಳು ಇಲ್ವಾ. ತಪ್ಪು ಜಾಗದಲ್ಲಿ ನಿಂತ ಕಾರುಗಳಿಗೆ ದಿನವಿಡೀ ದಂಡದ ಚೀಟಿ ಅಂಟಿಸುವುದೇ ಅವಳ ಉದ್ಯೋಗ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಂದೇ ಕೋಣೆಯ ಗೋಡೆಗೂ ಒಂದು ಚೀಟಿ ಅಂಟಿಸಿ ಸರದಿಗಳ್ಳನ ಮಾನ ಕಳೆದಳು. ಅವನು ಅದನ್ನು ಕೀಳಲಿಲ್ಲ.

ಕೆಲವು ವಾರ ಕಳೆದು ಬೀಗ ಮತ್ತೆ ಮಂಗಳವಾರಕ್ಕೆ ಹೋಗಿತ್ತು! ಮೇಲೆ ಹೋಗಿ ಬಾಗಿಲು ಬಡಿದು ಬೈದಳು. ಅವನು ಮತ್ತೆ ತಪ್ಪೊಪ್ಪಿಕೊಂಡ. ದಂಡ ಕಟ್ಟುತ್ತೇನೆ ಅಂತ ಸಂಜೆ ಏಲಕ್ಕಿ ಬನ್ನು ತಂದ. ಸಿಟ್ಟಿನಿಂದಲೇ ತಿಂದಳು. ಮುಂದಿನ ವಾರ ದಂಡವಿಲ್ಲದೆಯೂ ಬನ್ನು ಬಂತು, ಇಬ್ಬರೂ ಅಂಗಳದ ಬೆಂಚಿನ ಮೇಲೆ ಕೂತು ತಿಂದರು.

*ಕಳ್ಳನಾದರೂ ನಗು ಚೆನ್ನಾಗಿದೆ...*

ಆ ಬೆಂಚಿನ ಮೇಲೆಯೇ ಒಂದು ದಿನ ಅವಳು ಯಾರಿಗೂ ಹೇಳದ್ದನ್ನು ಹೇಳಿದಳು. ಚಿಕ್ಕಂದಿನಿಂದ ರಾತ್ರಿ ಕಿರುಚುತ್ತಾ ಏಳುವುದು, ನಿದ್ದೆಯಲ್ಲೇ ನಡೆಯುವುದು. ದೊಡ್ಡವಳಾದ ಮೇಲೆ ಹೋಗುತ್ತದೆ ಅಂದಿದ್ದರು, ಹೋಗಲಿಲ್ಲ. ಮದುವೆಯಾಗಬೇಕಿದ್ದ ಹೋಕನ್, ನಿನ್ನ ಪಕ್ಕ ಮಲಗೋಕೆ ಹೆಲ್ಮೆಟ್ ಬೇಕು ಅಂತ ಸ್ನೇಹಿತರ ಮುಂದೆ ನಗುತ್ತಾ ಹೇಳಿ, ಮರುವಾರ ಗಂಟುಮೂಟೆ ಕಟ್ಟಿದ್ದ.

"ಆದ್ರೆ ಈ ಮನೆಗೆ ಬಂದ್ಮೇಲೆ ಒಂದು ರಾತ್ರಿನೂ ಎದ್ದಿಲ್ಲ," ಅಂದಳು. ಅವಳ ಮುಖ ಅರಳಿತ್ತು. "ವಾಸಿ ಆಯ್ತು ಟೋರ್ಕೆಲ್. ಡಾಕ್ಟರಿಗೂ ಹೇಳಿ ಮಾತ್ರೆ ಬಿಟ್ಟೆ."

ಟೋರ್ಕೆಲ್ ಬನ್ನಿನ ಚೂರನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಇನ್ನು ಯಾರನ್ನಾದರೂ ಪ್ರೀತಿಸಬಹುದು, ಧೈರ್ಯವಾಗಿ ಪಕ್ಕದಲ್ಲಿ ಮಲಗಬಹುದು ಅಂತ ಅವಳ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಆ ಯಾರಾದರೂ ಯಾರು ಅನ್ನುವುದೂ ಅದಕ್ಕೆ ಗೊತ್ತಿತ್ತು.

ಅವನು ಅಕ್ಕನನ್ನು ನೋಡಲು ಉತ್ತರಕ್ಕೆ ಹೋದ ವಾರವೇ ಬೀಗ ಮೂರನೇ ಸಲ ಜಾಗ ಬಿಟ್ಟಿತು. ಇಲ್ವಾ ಮನೆಮನೆಗೆ ಬೀಗ ಹಂಚುವ, ಕಟ್ಟಡದ ಸಂಘದ ಅಧ್ಯಕ್ಷೆ ಗುನ್ವೋರ್ ಅಜ್ಜಿಯ ಮನೆಗೆ ನುಗ್ಗಿ, ನಿಮ್ಮ ಟ್ರಾಮಿನವನ ಬುದ್ಧಿ ನೋಡಿ ಅಂತ ಶುರು ಮಾಡಿದಳು. ಅವನು ಊರಲ್ಲೇ ಇಲ್ಲವಲ್ಲ ಅಂದಳು ಅಜ್ಜಿ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಮಗಳೇ, ಬೀಗ ತೆಗೆಯೋದು ನೀನೇ. ನಿದ್ದೆಗಣ್ಣಲ್ಲೇ ಕೀಲಿ ಹಿಡಿದು ಬರಿಗಾಲಲ್ಲಿ ಕೆಳಗೆ ಹೋಗ್ತೀಯ. ಮೊನ್ನೆ ನಾನು ಮಾತಾಡಿಸೋಕೆ ಹೋದ್ರೆ ಕಿರುಚಿಕೊಂಡೆ. ಅವನಿದ್ದಿದ್ರೆ ನಯವಾಗಿ ಕರ್ಕೊಂಡು ಹೋಗ್ತಿದ್ದ. ನಿಂಗೆ ಹೇಳಿದಾನೆ ಅಂದ್ಕೊಂಡಿದ್ದೆ."

ವಾಸಿಯಾಗಿಲ್ಲ. ಒಂದು ದಿನವೂ ವಾಸಿಯಾಗಿರಲಿಲ್ಲ. ಇಲ್ವಾಳಿಗೆ ಮೊದಲು ಅಳು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಅವನು ಬರುವಷ್ಟರಲ್ಲಿ ಅಳು ಆರಿ ಸಿಟ್ಟು ಮಾತ್ರ ಉಳಿದಿತ್ತು.

ಟೋರ್ಕೆಲ್ ಚೀಲ ಹೊತ್ತು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಎದುರಿಗೆ ಹೋಗಿ ನಿಂತಳು.

"ನನ್ನ ಕಾಯಿಲೆ ಹೋಗಿಲ್ಲ ಅಂತ ನನಗಿಂತ ಮುಂಚೆ ನಿಮಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು. ನಾನೊಬ್ಬಳೇ ವಾಸಿಯಾಯ್ತು ಅಂತ ಕುಣೀತಿದ್ದೆ. ಮಾತ್ರೆ ಬೇರೆ ಬಿಟ್ಟೆ!"

"ಮೊದಲ ಸಲವೇ ಹೇಳ್ಬೇಕಿತ್ತು," ಅಂದ ಅವನು ತಲೆ ತಗ್ಗಿಸಿ. "ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ... ಆ ದಿನ ಬೆಂಚಿನ ಮೇಲೆ ನಿಮ್ಮ ಮುಖ ನೋಡಿದ್ಮೇಲೆ ಬಾಯೇ ಬರಲಿಲ್ಲ."

"ನನ್ನ ಮೇಲೆ ಕನಿಕರ ಪಡೋಕೆ ನಿಮ್ಮನ್ನ ಯಾರು ಕರೆದ್ರು? ಹೋಕನ್ ನನ್ನ ಮುಖಕ್ಕಾದ್ರೂ ಹೇಳಿ ಹೋದ."

ಆ ಮಾತು ಅವನಿಗೆ ನಾಟಿತು. ಕಣ್ಣು ಒದ್ದೆಯಾದವು. ಆದರೆ ಜಾಗ ಬಿಟ್ಟು ಕದಲಲಿಲ್ಲ. ಅವಳೂ ಕದಲಲಿಲ್ಲ. ಹೋಗು ಅನ್ನಬೇಕೆಂದು ಬಂದವಳ ಬಾಯಿಂದ ಬೇರೆಯೇ ಪ್ರಶ್ನೆ ಹೊರಟಿತು.

"ರಾತ್ರಿ ನಾನು ಏನು ಮಾಡ್ತೀನಿ? ಒಂದೂ ಬಿಡದೆ ಹೇಳಿ."

ಅವನು ಹೇಳಿದ. ಬಾಗಿಲು ತೆಗೀರಿ, ಬಾಗಿಲು ತೆಗೀರಿ ಅಂತ ಕೂಗ್ತೀರಿ. ಕಣ್ಣು ತೆರೆದೇ ಇರತ್ತೆ, ನನ್ನನ್ನ ಕಾಣಲ್ಲ. ಮೊದಲ ರಾತ್ರಿ ತಿಳಿಯದೆ ಕೈ ಹಿಡಿದೆ, ಹೆಗಲು ಕಚ್ಚಿದ್ರಿ. ಅಂಗಿಯ ಕೊರಳು ಸರಿಸಿ ತೋರಿಸಿದ, ಮಾಸಿದ ಹಲ್ಲಿನ ಗುರುತು ಇನ್ನೂ ಇತ್ತು. ಆಮೇಲೆ ನಾನು ನಿಮ್ಮನ್ನ ಮುಟ್ಟಲೇ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಂದಾಗ ಮೆಟ್ಟಿಲಲ್ಲಿ ಸಿಕ್ಕರೆ ಮುಂದೆ ಮುಂದೆ ನಡೀತೀನಿ, ಟ್ರಾಮಿನಲ್ಲಿ ಹೇಳೋ ಹಾಗೆ ನಿಲ್ದಾಣದ ಹೆಸರು ಹೇಳ್ತಾ. ಯಾರ್ನ್‌ಟೋರ್ಯೆಟ್... ಮಾರಿಯಾಪ್ಲಾನ್... ನೀವು ಹಿಂದೇನೇ ಬರ್ತೀರಿ. ನಿಮ್ಮ ಬಾಗಿಲ ಹತ್ರ ಕೊನೆಯ ನಿಲ್ದಾಣ ಅಂತೀನಿ. ನೀವು ಒಳಗೆ ಹೋಗಿ ಬಾಗಿಲು ಹಾಕ್ಕೋತೀರಿ.

ಅಷ್ಟು ವರ್ಷ ಎಲ್ಲರೂ ಇಲ್ವಾಳನ್ನು ಅಲುಗಾಡಿಸಿದ್ದರು, ಬೈದಿದ್ದರು. ಇವನು ದಾರಿ ತೋರಿಸಿದ್ದ.

"ಇನ್ಮೇಲೆ ಪ್ರತಿ ಬೆಳಿಗ್ಗೆ ಬಂದು ಹೇಳ್ಬೇಕು," ಅಂದಳು ಗದರುತ್ತಾ. "ಎದ್ದೆನೋ ಇಲ್ವೋ, ಎಲ್ಲಾ. ಇನ್ನೊಂದು ಸುಳ್ಳು ಹೇಳಿದ್ರೆ ನಿಮ್ಮ ಮುಖ ನೋಡಲ್ಲ."

ಅವನು ಮಾತು ಉಳಿಸಿಕೊಂಡ. ಕೆಟ್ಟ ಸುದ್ದಿಯನ್ನೂ ಕಾಫಿಯ ಜೊತೆ ತಂದು ಹೇಳುತ್ತಿದ್ದ, ಅವಳು ಸಿಡುಕುತ್ತಲೇ ಕೇಳುತ್ತಿದ್ದಳು. ಡಾಕ್ಟರಿಗೆ ನಿಜ ಹೇಳಿ ಮಾತ್ರೆ ಮತ್ತೆ ಶುರು ಮಾಡಿದಳು. ನಿದ್ದೆಯಲ್ಲಿ ಹೊರಟರೆ ಸದ್ದಾಗಲೆಂದು ಬಾಗಿಲಿಗೆ ತಾನೇ ಗಂಟೆ ಕಟ್ಟಿದಳು. ಹೊತ್ತಿಗೆ ಸರಿಯಾಗಿ ಮಲಗುವುದನ್ನು ರೂಢಿ ಮಾಡಿಕೊಂಡಳು. ಎದ್ದ ರಾತ್ರಿಗಳು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ಅಷ್ಟರಲ್ಲಿ ನೀವು ಹೋಗಿ ನೀನು ಬಂದಿತ್ತು.

ಚಳಿಗಾಲದ ಒಂದು ಶನಿವಾರ ಅವಳು ಯಂತ್ರದ ಬಾಗಿಲು ತೆಗೆದು ಚೀರಿದಳು. ಬಿಳಿ ಹಾಸಿಗೆ ಬಟ್ಟೆಯೆಲ್ಲಾ ನೀಲಿ! ನಡುವೆ ಅವನ ಸಮವಸ್ತ್ರ.

"ನನ್ನ ಸರದಿಲಿ ನಿನ್ನ ಬಟ್ಟೆ ತುರುಕಿದ್ಯಾ? ನಿನಗೇ ಅಂತ ಬೇರೆ ಬೀಗ ಯಾಕೆ ಕೊಟ್ಟಿದಾರೆ?"

"ಜಾಗ ಇತ್ತು, ಹಾಕ್ದೆ..."

ಅವಳು ನೀಲಿ ಬಟ್ಟೆಯನ್ನು ಎದೆಗೆ ಅವುಚಿಕೊಂಡಳು. ಆಮೇಲೆ ಕೇಳಿದಳು.

"ಒಂದು ಮನೆಗೆ ಎಷ್ಟು ಬೀಗ?"

"ಒಂದೇ."

"ಹಾಗಾದ್ರೆ ನಿನ್ನ ಬೀಗ ಅಜ್ಜಿಗೆ ವಾಪಸ್ ಕೊಟ್ಟು ಬಾ."

ಅವನು ಹಲಗೆಯ ಮೇಲಿನ ತನ್ನ ಬೀಗ ನೋಡಿದ, ಅವಳ ಮುಖ ನೋಡಿದ.

"ರಾತ್ರಿ ಒದೀತೀನಿ, ಕಿರುಚ್ತೀನಿ," ಅಂದಳು ಇಲ್ವಾ. "ಹೆಲ್ಮೆಟ್ ಬೇಕಾದ್ರೆ ಈಗಲೇ ಹೇಳು."

"ಬೇಡ. ದಿನಾ ಬೆಳಿಗ್ಗೆ ಕಾಫಿ ಹಿಡ್ಕೊಂಡು ಮೆಟ್ಟಿಲು ಇಳಿಯೋದು ತಪ್ಪಿದ್ರೆ ಸಾಕು." ಅವನು ಹಲಗೆಯಿಂದ ತನ್ನ ಬೀಗ ಬಿಚ್ಚಿ ಅಂಗೈಯಲ್ಲಿ ಹಿಡಿದ. "ಅಂದ್ರೆ ಇದೇ ನನ್ನ ಕೊನೆಯ ನಿಲ್ದಾಣನಾ?"

"ಹ್ಞೂಂ," ಅಂದಳು ಇಲ್ವಾ. "ಇಳಿ ಮತ್ತೆ."